ಹುಂಡಿಗೆ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: "ಸರ್, ನಾವು ದೇವಸ್ಥಾನದ ಹುಂಡಿಗೆ ಹಾಕುವ ದುಡ್ಡು ಸರ್ಕಾರಕ್ಕೆ ಹೋಗಿ, ಅಲ್ಲಿಂದ ಮಸೀದಿಗೆ, ಚರ್ಚಿಗೆ ಹೋಗ್ತದಂತೆ. ಹೌದಾ? ಹಾಗಾದ್ರೆ ಹುಂಡಿಗೆ ಹಾಕುವುದೇ ಬೇಡ್ವಾ?"

ಉತ್ತರ: ಹೋಗುವುದಿಲ್ಲ. ಹಾಕಬೇಕಾ ಬೇಡವಾ ಎನ್ನುವುದು ನಿಮಗೂ ದೇವರಿಗೂ ಬಿಟ್ಟದ್ದು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ಕಟೀಲು ಜಾತ್ರೆಯ ಹೊತ್ತಿಗೆ ಒಮ್ಮೆ ಬರುತ್ತದೆ, ಕುಕ್ಕೆ ಷಷ್ಠಿಗೆ ಒಮ್ಮೆ ಬರುತ್ತದೆ, ಚುನಾವಣೆ ಹತ್ತಿರ ಬಂದರೆ ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಅದೇ ಫಾರ್ವರ್ಡ್ ಮೆಸೇಜು. ಉತ್ತರ ಕೊಟ್ಟರೆ "ಆದ್ರೂ ಏನೋ ಉಂಟು ಸರ್" ಅನ್ನುತ್ತಾರೆ. ಹಾಗಾಗಿ ಈ ಸಲ ಬೇರಿನಿಂದಲೇ ಹಿಡಿಯೋಣ.

ಮೊದಲು ಆ ಮೆಸೇಜನ್ನೇ ನೋಡಿ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಮಯದಿಂದ ಓಡಾಡುತ್ತಿರುವ ಲೆಕ್ಕ ಅದು. ಕರ್ನಾಟಕದ ಎರಡು ಲಕ್ಷ ದೇವಸ್ಥಾನಗಳಿಂದ ಸರ್ಕಾರ 79 ಕೋಟಿ ರೂಪಾಯಿ ತೆಗೆದುಕೊಂಡಿತಂತೆ. ಅದರಲ್ಲಿ ದೇವಸ್ಥಾನಗಳಿಗೆ ವಾಪಸ್ ಕೊಟ್ಟದ್ದು 7 ಕೋಟಿ. ಮದರಸಾ ಮತ್ತು ಹಜ್‌ಗೆ 59 ಕೋಟಿ. ಚರ್ಚುಗಳಿಗೆ 13 ಕೋಟಿ. ಕೂಡಿಸಿ ನೋಡಿ, ಸರಿಯಾಗಿ 79. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಇಲಾಖೆಯ ಗುಮಾಸ್ತನ ಸಂಬಳಕ್ಕೂ ಏನೂ ಉಳಿದಿಲ್ಲ! ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇಷ್ಟು ಚೆಂದ ಕೂಡಿಬರುವ ಲೆಕ್ಕ ಕಂಡರೆ ನಾವು ಮೊದಲು ಅನುಮಾನ ಪಡುತ್ತಿದ್ದೆವು.

ಎರಡು ಲಕ್ಷ ಎಂಬುದು ಎಲ್ಲಿಂದ ಬಂತು? ದೇವಸ್ಥಾನಗಳನ್ನು ನೋಡಿಕೊಳ್ಳುವ ಸರ್ಕಾರದ ಮುಜರಾಯಿ ಇಲಾಖೆಯ ಪಟ್ಟಿಯಲ್ಲಿರುವ ದೇವಸ್ಥಾನಗಳು 34 ಸಾವಿರದ ಆಸುಪಾಸು. ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯ ಇದ್ದರೆ 'ಎ', 5ರಿಂದ 25 ಲಕ್ಷದವರೆಗೆ 'ಬಿ', ಅದಕ್ಕಿಂತ ಕಡಿಮೆ ಇದ್ದರೆ 'ಸಿ'. ಎ ಮತ್ತು ಬಿ ಸೇರಿಸಿದರೂ ನಾನೂರರ ಹತ್ತಿರ ಆದೀತು. ಉಳಿದ ಅಷ್ಟೂ ಸಿ. ಅಂದರೆ ನೂರರಲ್ಲಿ ತೊಂಬತ್ತೆಂಟಕ್ಕಿಂತ ಹೆಚ್ಚು ದೇವಸ್ಥಾನಗಳಿಂದ ಕೀಳುವುದಕ್ಕೆ ಏನೂ ಇಲ್ಲ. ಅವುಗಳಿಗೆ ಎಣ್ಣೆ ಬತ್ತಿಗೂ ಬೇರೆಯವರೇ ಕೊಡಬೇಕು.

ಇನ್ನೊಂದು ವಿಷಯ. ಆ ಲೆಕ್ಕ 2002ರದ್ದು ಅಂತ ಮೆಸೇಜು ಹೇಳುತ್ತದೆ. ಆಗ ಇಡೀ ರಾಜ್ಯಕ್ಕೆ ಒಂದೇ ಮುಜರಾಯಿ ಕಾನೂನು ಜಾರಿಯಲ್ಲೇ ಇರಲಿಲ್ಲ. ಹಳೇ ಮೈಸೂರಿಗೆ ಒಂದು, ಮುಂಬೈ ಕರ್ನಾಟಕಕ್ಕೆ ಒಂದು, ಹೈದರಾಬಾದ್ ಕರ್ನಾಟಕಕ್ಕೆ ಒಂದು, ಕೊಡಗಿಗೆ ಒಂದು. ನಮ್ಮ ದಕ್ಷಿಣ ಕನ್ನಡ, ಉಡುಪಿಗೆ ಮದರಾಸಿನ 1951ರ ಕಾಯ್ದೆ. ನಾವು 1956ರಲ್ಲಿ ಮದರಾಸು ಬಿಟ್ಟು ಬಂದರೂ ಆ ಕಾಯ್ದೆ ನಮ್ಮ ಬೆನ್ನು ಬಿಟ್ಟಿರಲಿಲ್ಲ. ಎಲ್ಲವನ್ನೂ ಸೇರಿಸಿ ಮಾಡಿದ 1997ರ ಕಾಯ್ದೆ ಜಾರಿಗೆ ಬಂದದ್ದು 2003ರಲ್ಲಿ. ಹಾಗಿರುವಾಗ 2002ರಲ್ಲಿ ಎಲ್ಲ ದೇವಸ್ಥಾನಗಳ ಹಣವನ್ನು ಒಂದೇ ಚೀಲಕ್ಕೆ ಸುರಿದವರು ಯಾರು?

ಹಜ್ ಸಬ್ಸಿಡಿ ಕೊಡುತ್ತಿದ್ದದ್ದು ಕೇಂದ್ರ ಸರ್ಕಾರ, ವಿಮಾನದ ಟಿಕೆಟ್ಟಿಗೆ. ಅದು 2018ರಲ್ಲಿ ನಿಂತಿತು. ನಿಂತ ಮೇಲೂ ಮೆಸೇಜು ಮಾತ್ರ ನಿಲ್ಲಲಿಲ್ಲ.

ಈಗ ಹುಂಡಿಯ ವಿಷಯ. ಎಣಿಕೆಗೆ ಕೂತವರಿಗೆ ಇದು ಗೊತ್ತು. ಕಾರ್ಯನಿರ್ವಹಣಾಧಿಕಾರಿ, ವ್ಯವಸ್ಥಾಪನಾ ಸಮಿತಿಯವರು, ಬ್ಯಾಂಕಿನವರು ಎಲ್ಲರ ಎದುರು ಬೀಗ ತೆಗೆಯುತ್ತಾರೆ. ಕುಂಕುಮ ಮೆತ್ತಿದ ನಾಣ್ಯ, ಚಿಕ್ಕದಾಗಿ ಮಡಚಿ ಮಡಚಿ ಹಾಕಿದ ನೋಟು, ಬೆಳ್ಳಿಯ ನಾಗ, "ಮಗಳಿಗೆ ಮದುವೆ ಆಗ್ಲಿ" ಅಂತ ಬರೆದ ಚೀಟಿ, 2016ರಲ್ಲಿ ರದ್ದಾದ ಐನೂರರ ನೋಟು, ಎಲ್ಲವೂ ಬರುತ್ತದೆ. (ರದ್ದಾದ ನೋಟನ್ನು ದೇವರಿಗೆ ಹಾಕುವವರ ಭಕ್ತಿ ಯಾವ ವರ್ಗದ್ದೋ ನನಗೆ ತಿಳಿಯದು.) ಎಣಿಸಿ, ಬರೆದು, ಸಹಿ ಹಾಕಿ, ಅದೇ ದೇವಸ್ಥಾನದ ಖಾತೆಗೆ ಜಮಾ ಮಾಡುತ್ತಾರೆ. ವಿಧಾನಸೌಧದ ಖಾತೆಗೆ ಅಲ್ಲ. ಸಿಬ್ಬಂದಿಯ ಸಂಬಳ, ನಿತ್ಯಪೂಜೆ, ಅನ್ನಪ್ರಸಾದ, ವಸತಿಗೃಹ, ರಸ್ತೆ, ಎಲ್ಲಕ್ಕೂ ಅಲ್ಲಿಂದಲೇ ಖರ್ಚು. ಉಳಿದದ್ದು ಠೇವಣಿ. ಕುಕ್ಕೆ ಸುಬ್ರಹ್ಮಣ್ಯದ ವರ್ಷದ ಆದಾಯ ಈಗ ನೂರು ಕೋಟಿ ದಾಟಿದೆ, ರಾಜ್ಯದಲ್ಲೇ ಮೊದಲ ಸ್ಥಾನ. ಆ ಹಣ ಸುಬ್ರಹ್ಮಣ್ಯ ದೇವರದ್ದೇ.

ಹಾಗಾದರೆ ಸರ್ಕಾರ ಏನೂ ತೆಗೆದುಕೊಳ್ಳುವುದಿಲ್ಲವಾ? ತೆಗೆದುಕೊಳ್ಳುತ್ತದೆ. ಅದಕ್ಕೆ ಸಾಮಾನ್ಯ ಸಂಗ್ರಹಣಾ ನಿಧಿ ಅಂತ ಹೆಸರು. ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಆದಾಯ ಇದ್ದರೆ ನಿವ್ವಳ ಆದಾಯದ ಶೇ. 10, 5ರಿಂದ 10 ಲಕ್ಷದ ಒಳಗಿದ್ದರೆ ಶೇ. 5 ಎಂದು 2011ರ ತಿದ್ದುಪಡಿ ಹೇಳಿತು. ನಿವ್ವಳ ಅಂದರೆ ಖರ್ಚು ಕಳೆದು ಉಳಿದದ್ದು. ಈ ನಿಧಿ ಸಿ ವರ್ಗದ ಬಡ ದೇವಸ್ಥಾನಗಳ ದುರಸ್ತಿಗೆ, ಅರ್ಚಕರ ತರಬೇತಿಗೆ, ಅವರ ಕ್ಷೇಮಕ್ಕೆ. ದೊಡ್ಡ ದೇವರು ಸಣ್ಣ ದೇವರಿಗೆ ಕೊಟ್ಟ ಹಾಗೆ. 2024ರ ಫೆಬ್ರವರಿಯಲ್ಲಿ ಈ ಪಾಲನ್ನು ಒಟ್ಟು ಆದಾಯದ ಮೇಲೆ ಹಾಕುವ ಮಸೂದೆ ಬಂತು: 1 ಕೋಟಿ ದಾಟಿದರೆ ಶೇ. 10, 10 ಲಕ್ಷದಿಂದ 1 ಕೋಟಿಯವರೆಗೆ ಶೇ. 5. ವಿಧಾನಸಭೆಯಲ್ಲಿ ಪಾಸಾಯಿತು, ಪರಿಷತ್ತಿನಲ್ಲಿ ಬಿತ್ತು, ಮತ್ತೆ ವಿಧಾನಸಭೆಯಲ್ಲಿ ಪಾಸಾಯಿತು. ಖರ್ಚನ್ನೂ ಕಳೆಯದೆ ಪಾಲು ಕೇಳುವುದು ಸರಿಯಾ ಅಂತ ಜಗಳ ಮಾಡಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಆ ಮಸೂದೆಯಲ್ಲೂ ಮಸೀದಿ ಇರಲಿಲ್ಲ, ಚರ್ಚೂ ಇರಲಿಲ್ಲ.

"ಬೆಂಕಿ ಇಲ್ಲದೆ ಹೊಗೆ ಬರ್ತದಾ ಸರ್?" ಈ ಪ್ರಶ್ನೆಯೂ ಬರುತ್ತದೆ, ನನಗೆ ಗೊತ್ತು. ಸಣ್ಣ ಕಿಡಿಯೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹಿಂದೆ ದೇವಸ್ಥಾನಗಳಿಗೆ ಇನಾಂ ಭೂಮಿ ಇತ್ತು. ಆ ಭೂಮಿ ಕೈತಪ್ಪಿದ್ದಕ್ಕೆ ಪರಿಹಾರವಾಗಿ ಸರ್ಕಾರ ವರ್ಷ ವರ್ಷ ಇಷ್ಟು ಅಂತ ಕೊಡುತ್ತದೆ. ಇದು ತಸ್ತೀಕು. ಊರಿನ ಸಣ್ಣ ದೇವಸ್ಥಾನದ ಭಟ್ಟರನ್ನು ಕೇಳಿ, ಅದು ಯಾವಾಗ ಬರುತ್ತದೆ ಅಂತ ಕಾದು ಕೂತಿರುತ್ತಾರೆ. ಇಂಥ ಹಳೆಯ ಪಟ್ಟಿಯಲ್ಲಿ ಬೇರೆ ಧರ್ಮದ ಕೆಲವು ಸಂಸ್ಥೆಗಳೂ ಇದ್ದವು. ಅವುಗಳಿಗೂ ಮುಜರಾಯಿ ಇಲಾಖೆಯ ಮೂಲಕವೇ ಹಣ ಹೋಗುತ್ತಿತ್ತು. 2021ರಲ್ಲಿ ಇದು ಗಲಾಟೆಯಾಗಿ, ಆಗಿನ ಮುಜರಾಯಿ ಸಚಿವ ಕೋಟ ಶ್ರೀನಿವಾಸ ಪೂಜಾರಿಯವರು ನಿಲ್ಲಿಸಲು ಸೂಚಿಸಿದರು. ಆದರೆ ಆ ಹಣ ಸರ್ಕಾರದ ಖಜಾನೆಯದ್ದು. ಯಾವ ಹುಂಡಿಯದ್ದೂ ಅಲ್ಲ. ನೀವು ಪೆಟ್ರೋಲಿಗೆ, ಸೋಪಿಗೆ ಕೊಟ್ಟ ತೆರಿಗೆಯ ಹಣ ಅದು. ಅದೇ ಖಜಾನೆಯಿಂದ ದೇವಸ್ಥಾನಗಳಿಗೂ ಮಠಗಳಿಗೂ ಅನುದಾನ ಹೋಗುತ್ತದೆ, ಅಲ್ಪಸಂಖ್ಯಾತರ ಕಲ್ಯಾಣಕ್ಕೂ ಹೋಗುತ್ತದೆ. ಅದು ಬೇಕಾ ಬೇಡವಾ ಅಂತ ಬೇಕಾದರೆ ವಾದ ಮಾಡಿ. ಹುಂಡಿಯನ್ನು ಮಧ್ಯೆ ಎಳೆಯಬೇಡಿ.

"ನಮ್ಮ ದೇವಸ್ಥಾನಕ್ಕೆ ಮಾತ್ರ ಯಾಕೆ ಸರ್ಕಾರ?" ಇದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಮಸೀದಿಗಳ ಆಸ್ತಿಗೆ ವಕ್ಫ್ ಮಂಡಳಿ ಇದೆ. 1995ರ ವಕ್ಫ್ ಕಾಯ್ದೆಯ ಪ್ರಕಾರ ಅವರೂ ನಿವ್ವಳ ಆದಾಯದ ಶೇ. 7 ಮಂಡಳಿಗೆ ಕಟ್ಟಬೇಕಿತ್ತು. 2025ರ ತಿದ್ದುಪಡಿ ಅದನ್ನು ಶೇ. 5ಕ್ಕೆ ಇಳಿಸಿತು. ಚರ್ಚುಗಳಿಗೆ ಇಂಥ ಇಲಾಖೆ ಇಲ್ಲ. ಈ ವ್ಯತ್ಯಾಸ ನಿಜ, ಅದರ ಬಗ್ಗೆ ಅಸಮಾಧಾನ ಇದ್ದರೆ ತಪ್ಪಲ್ಲ. ದೊಡ್ಡ ಕೆಲಸವೊಂದಕ್ಕೆ ಫೈಲು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಸಮಿತಿಯ ಅವಧಿಯೇ ಮುಗಿಯುತ್ತದೆ ಅಂತ ಗೊಣಗುವ ಸಮಿತಿಯವರನ್ನು ನಾನೂ ಬಲ್ಲೆ. 2006ರಲ್ಲಿ ರಾಜ್ಯ ಹೈಕೋರ್ಟ್ 1997ರ ಮುಜರಾಯಿ ಕಾಯ್ದೆಯನ್ನೇ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ದೂರಲಿಕ್ಕೆ ಸಕಾರಣಗಳೇ ಬೇಕಾದಷ್ಟು ಇವೆ ಮಾರಾಯ್ರೆ. ಸುಳ್ಳು ಲೆಕ್ಕ ಯಾಕೆ?

ಇಲ್ಲಿಗೆ ಕೇಳಿದ್ದಕ್ಕೆ ಉತ್ತರ ಮುಗಿಯಿತು. ಕೇಳದೇ ಇದ್ದ ಒಂದು ವಿಷಯವನ್ನೂ ಹೇಳುತ್ತೇನೆ, ನಮ್ಮ ಕರಾವಳಿಯವರಿಗೆ ಇದು ಗೊತ್ತಿಲ್ಲದಿದ್ದರೆ ನಾಚಿಕೆ.

ಕೊಲ್ಲೂರು, ಕಟೀಲು, ಕದ್ರಿ, ಪೊಳಲಿ ಎಲ್ಲ ಮುಜರಾಯಿಗೆ ಸೇರಿವೆ. ಉಡುಪಿ ಕೃಷ್ಣ ಮಠ ಮಾತ್ರ ಯಾಕಿಲ್ಲ? ಮಠಗಳಿಗೆ ಮತ್ತು ಮಠಕ್ಕೆ ಸೇರಿದ ದೇವಸ್ಥಾನಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮಠದ ಒಳಗೆ ಸರ್ಕಾರ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ಇಡೀ ದೇಶಕ್ಕೆ ಎಳೆದುಕೊಟ್ಟದ್ದು ಉಡುಪಿಯ ಶೀರೂರು ಮಠದ ಪ್ರಕರಣ. ಉಡುಪಿಯ ಎಂಟು ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಕೃಷ್ಣನ ಪೂಜೆ ನಡೆಸುವುದಕ್ಕೆ ಪರ್ಯಾಯ ಅಂತ ಹೆಸರು; ಪುತ್ತಿಗೆ ಮಠದ ಪರ್ಯಾಯದ ನಂತರ ಸರದಿ ಬರುತ್ತದಲ್ಲ, ಅದೇ ಶೀರೂರು. ಆಗಿನ ಸ್ವಾಮಿಗಳು ಶ್ರೀ ಲಕ್ಷ್ಮೀಂದ್ರ ತೀರ್ಥರು. 1931ರ ಪರ್ಯಾಯಕ್ಕೆ ಸಾಲ ಆಯಿತು. ಎರಡನೇ ಪರ್ಯಾಯ ಬಂದದ್ದು ಯುದ್ಧ ಮುಗಿದ ಸಮಯದಲ್ಲಿ. ಅಕ್ಕಿ ಬೇಳೆ ಸಿಗುತ್ತಿರಲಿಲ್ಲ, ಸಿಕ್ಕಿದರೂ ಬೆಲೆ ಕೇಳುವ ಹಾಗಿರಲಿಲ್ಲ. ಸಾಲ ಲಕ್ಷದ ಹತ್ತಿರ ಹೋಯಿತು. ಮದರಾಸಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. ಸ್ವಾಮಿಗಳು ಕೋರ್ಟಿಗೆ ಹೋದರು.

1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಯಾವ ಪೂಜೆ ಯಾವ ಹೊತ್ತಿಗೆ, ದೇವರಿಗೆ ಯಾವ ನೈವೇದ್ಯ, ಇದೆಲ್ಲ ಧರ್ಮದ ಒಳಗಿನ ವಿಷಯ. ದುಡ್ಡು ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಸರ್ಕಾರದ ವಿಷಯ ಆಗುವುದಿಲ್ಲ. ಆದರೆ ಎಷ್ಟು ಖರ್ಚು ಮಾಡಬೇಕು, ಆಸ್ತಿ ಹೇಗೆ ನೋಡಿಕೊಳ್ಳಬೇಕು ಎನ್ನುವುದು ಆಡಳಿತ, ಅದಕ್ಕೆ ಕಾನೂನು ಹಿಡಿತ ಹಾಕಬಹುದು. ಇನ್ನೊಂದು ಮಾತು ನಮ್ಮ ಹುಂಡಿಯ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಮದರಾಸು ಸರ್ಕಾರ ಸಂಸ್ಥೆಗಳ ಆದಾಯದಿಂದ ಶೇ. 5ರವರೆಗೆ ವಂತಿಗೆ ಕೇಳಿತ್ತು. ಆ ಹಣ ಸರ್ಕಾರದ ಸಾಮಾನ್ಯ ಖಜಾನೆಗೆ ಸೇರುತ್ತದೆ, ಹಾಗಾಗಿ ಇದು ಸೇವೆಗೆ ಕೊಡುವ ಶುಲ್ಕ ಅಲ್ಲ, ತೆರಿಗೆ ಅಂತ ಹೇಳಿ ಕೋರ್ಟ್ ಅದನ್ನು ಹೊಡೆದು ಹಾಕಿತು. ಮೆಸೇಜು ಹೇಳುವ ಹಾಗೆ ಹಣವನ್ನು ಖಜಾನೆಗೆ ಸುರಿಯುವ ದಾರಿಗೆ ಶೀರೂರಿನ ಸ್ವಾಮಿಗಳು ಎಪ್ಪತ್ತು ವರ್ಷಗಳ ಹಿಂದೆಯೇ ಅಡ್ಡ ನಿಂತಿದ್ದರು.

ಇನ್ನೊಂದು ಪ್ರಕರಣ ಮೂಲ್ಕಿಯದ್ದು. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದ್ದು. 1947ರಲ್ಲಿ ಮದರಾಸಿನಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂತು. ಇದು ನಮ್ಮ ಸಮಾಜದ ದೇವಸ್ಥಾನ, ಆ ಕಾನೂನು ನಮಗೆ ಅನ್ವಯಿಸುವುದಿಲ್ಲ ಅಂತ ಮೊಕ್ತೇಸರರು ದಾವೆ ಹಾಕಿದರು. ಸುಪ್ರೀಂ ಕೋರ್ಟ್ 1957ರ ನವೆಂಬರಿನಲ್ಲಿ ತೀರ್ಪು ಕೊಡುವಾಗ ಮೂಲ್ಕಿ ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷ ಆಗಿತ್ತು. ದೇವಸ್ಥಾನ ಆ ಸಮಾಜದ್ದು ಎನ್ನುವುದನ್ನು ಕೋರ್ಟ್ ಒಪ್ಪಿತು. ಒಳಗೆ ಯಾರು ಬರಬೇಕು ಅಂತ ತೀರ್ಮಾನಿಸುವುದು ಧರ್ಮದ ವಿಷಯವೇ ಎಂದೂ ಒಪ್ಪಿತು. ಆದರೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯುವ ಕಾನೂನೇ ಮೇಲು ಅಂದಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಸಮಾಜದವರೇ ಇರಬಹುದು, ಉಳಿದ ಹೊತ್ತು ಎಲ್ಲರೂ ಬರಬಹುದು. ಬಾಗಿಲಿನಲ್ಲಿ ಜಾತಿ ಕೇಳುವ ಅಧಿಕಾರ ಇದರಿಂದ ಹೋಯಿತು. ಸರ್ಕಾರ ದೇವಸ್ಥಾನದ ವಿಷಯಕ್ಕೆ ಬರಲೇಬಾರದು ಅನ್ನುವವರು ಈ ತೀರ್ಪನ್ನು ಏನು ಮಾಡುತ್ತಾರೆ ಅಂತ ನನಗೆ ಕುತೂಹಲ. ಮೂಲ್ಕಿಗೆ ಹೋಗಿ ಕೈಮುಗಿದು ಬರುವವರಲ್ಲಿ ಎಷ್ಟೋ ಜನರ ಅಜ್ಜಂದಿರು ಹೊರಗೇ ನಿಂತು ಕೈಮುಗಿದವರು.

ಪ್ರಶ್ನೆ ಕೇಳಿದವರು ಯಾವ ದೇವಸ್ಥಾನದ ಹುಂಡಿ ಅಂತ ಬರೆದಿಲ್ಲ. ಮುಜರಾಯಿಗೆ ಸೇರಿದ್ದಾದರೆ ಅದರ ಆದಾಯ, ಖರ್ಚು, ಸಾಮಾನ್ಯ ನಿಧಿಗೆ ಕಟ್ಟಿದ ಮೊತ್ತ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಜಿಲ್ಲಾಧಿಕಾರಿ ಕಚೇರಿಯ ಮುಜರಾಯಿ ವಿಭಾಗಕ್ಕೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಉತ್ತರ ಬಂದ ಮೇಲೆ ಅದನ್ನೂ ಫಾರ್ವರ್ಡ್ ಮಾಡಿ.