ಸೊಸೈಟಿ ಸರ್ಟಿಫಿಕೇಟ್ ಅಂದ್ರ ಇಲಿ ಮುಟ್ಟಾಕ ಪರವಾನಗಿ ಅಲ್ರಿ

ಥೀಸಿಸ್ ಸೀಸನ್ ಬಂತಂದ್ರ ನನ್ನ ಟೇಬಲ್ ಮ್ಯಾಲ ಒಂದರ ಪ್ರಯೋಗದ ಪ್ರಾಣಿಗಳ ವಿಜ್ಞಾನಿಗಳ ಸೊಸೈಟಿ ವರ್ಕ್‌ಶಾಪಿನ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಬಂದು ಬೀಳೂದ ಐತಿ. ಈ ಸಲ ತಂದಾಕಿ ಮುದ್ದೇಬಿಹಾಳ ಕಡೆ ಹುಡುಗಿ, ಎಂ.ಫಾರ್ಮ್ ಓದ್ತಾಳ, ಹಾಗಲಕಾಯಿ ಸಾರ ಕೊಟ್ರ ಸಕ್ಕರಿ ಎಷ್ಟು ಇಳೀತೈತಿ ಅಂತ ಇಲಿ ಮ್ಯಾಲ ನೋಡೂದು ಆಕಿ ಕೆಲಸ. "ಸರ್, ನಮ್ಮ ಗೈಡ್ ಸೊಸೈಟಿ ಲೈಫ್ ಮೆಂಬರ್ ಅದಾರ, ನಾನೂ ವರ್ಕ್‌ಶಾಪ್ ಮಾಡೀನಿ, ಇನ್ನ ನಿಮ್ಮ ಎಥಿಕ್ಸ್ ಕಮಿಟಿ ಸಹಿ ಬರೇ ಫಾರ್ಮ್ಯಾಲಿಟಿ ಅಲ್ರಿ?" ಅಂದ್ಳು. ಪ್ರಯೋಗ ಯಾವಾಗ ಶುರು ಮಾಡ್ತೀಯವ್ವಾ ಅಂದೆ. "ಶುರು ಆಗೇತ್ರಿ ಸರ್, ಹದಿನಾಲ್ಕು ದಿನ ಆತು."

ಕನ್ನಡಕ ತಗದು ಟೇಬಲ್ ಮ್ಯಾಲ ಇಟ್ಟೆ. ಆಕಿ ತಪ್ಪು ಅಲ್ಲ, ಆಕಿಗೆ ಹಂಗ ಹೇಳಿಕೊಟ್ಟವರು ಬ್ಯಾರೆ ಅದಾರ.

ನಾನು ದನದ ಡಾಕ್ಟರ್. ಖಿಲಾರಿ ಎತ್ತಿನ ಕಾಲು, ಎಮ್ಮಿ ಕೆಚ್ಚಲು ನೋಡ್ಕೋತ ಅರ್ಧ ಆಯುಷ್ಯ ವಿಜಯಪುರದಾಗ ಕಳದಾವ, ಆಮ್ಯಾಲ ಈ ಕಡೆ ಒಂದೆರಡು ಕಾಲೇಜಿನವರು ಅನಿಮಲ್ ಎಥಿಕ್ಸ್ ಕಮಿಟಿಗೆ (ಪ್ರಾಣಿ ಮ್ಯಾಲ ಪ್ರಯೋಗ ಮಾಡಾಕ ಒಪ್ಪಿಗಿ ಕೊಡೂ ಕಮಿಟಿ) ವೆಟರ್ನರಿ ಮೆಂಬರ್ ಬೇಕು ಅಂತ ಕರದ್ರು, ಹೋಗಿ ಕುಂತೆ. ಅವತ್ತಿಂದ ಒಂದ ಮಾತು ಹೇಳಿ ಹೇಳಿ ಬಾಯಿ ಒಣಗೇತಿ, ಅದಕ್ಕ ಇಲ್ಲಿ ಬರದ ಬಿಡ್ತೀನಿ.

ಸೊಸೈಟಿ ಬ್ಯಾರೆ, ಕಮಿಟಿ ಬ್ಯಾರೆ. ನಮ್ಮ ದೇಶದಾಗ ಲ್ಯಾಬೊರೇಟರಿ ಅನಿಮಲ್ ಸೈನ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಅಂತ ಐತಿ, ಅದು ವಿಜ್ಞಾನಿಗಳು ಕೂಡಿ ಕಟ್ಕೊಂಡ ಸೊಸೈಟಿ. ಸಿಸಿಎಸ್‌ಇಎ ಅಂತ ಇನ್ನೊಂದೈತಿ, ದೇಶದಾಗಿನ ಪ್ರಾಣಿ ಪ್ರಯೋಗದ ಮ್ಯಾಲ ಕಣ್ಣಿಡೂ ಮಂಡಳಿ, ಹಳೇ ಮಂದಿ ಬಾಯಾಗ ಇನ್ನೂ ಸಿಪಿಸಿಎಸ್‌ಇಎ, ಅದು ಸರ್ಕಾರದ್ದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಡಿ ಹುಟ್ಟಿದ್ದು, 1998ರ ನಿಯಮಗಳ ಪ್ರಕಾರ ಕಾಲೇಜು ಅದರಾಗ ನೋಂದಣಿ ಆಗಿರಬೇಕು ಮತ್ತ ಕಾಲೇಜಿನೊಳಗ ಎಂಟು ಮಂದಿ ಎಥಿಕ್ಸ್ ಕಮಿಟಿ ಇರಬೇಕು. ಆ ಎಂಟರಾಗ ಪಶುವೈದ್ಯ ಒಬ್ಬ, ಹೊರಗಿನ ವಿಜ್ಞಾನಿ ಒಬ್ಬ, ವಿಜ್ಞಾನಕ್ಕ ಸಂಬಂಧ ಇಲ್ಲದ ಸಾಮಾನ್ಯ ಮನಷ್ಯಾ ಒಬ್ಬ, ಸಿಸಿಎಸ್‌ಇಎ ನೇಮಿಸಿದ ನಾಮಿನಿನೂ ಇರಬೇಕು. ಪ್ರಯೋಗದ ಅರ್ಜಿ, ಅಂದ್ರ ಫಾರ್ಮ್ ಬಿ, ಆ ಕಮಿಟಿಗೇ ಬರಬೇಕು, ಇಲಿ ಮುಟ್ಟೂಕಿಂತ ಮೊದಲ. ಸೊಸೈಟಿ ಕಲಸ್ತೈತಿ, ಕಮಿಟಿ ಒಪ್ಪಿಗಿ ಕೊಡ್ತೈತಿ. ಡ್ರೈವಿಂಗ್ ಸ್ಕೂಲಿನ ಮಾಸ್ತರು ಎಷ್ಟ ಛಲೋ ಕಲಿಸಿದ್ರೂ ಲೈಸೆನ್ಸ್ ಆರ್‌ಟಿಒ ಆಫೀಸಿಂದನ ಬರಬೇಕಲ್ಲ? ನಾನು ಪಶುವೈದ್ಯರ ಸಂಘದ ಮೆಂಬರ್ ಆದ್ರ ಸೂಜಿ ಚುಚ್ಚಾಕ ಹಕ್ಕು ಬರೂದಿಲ್ಲ, ಪರಿಷತ್ತಿನ ರಿಜಿಸ್ಟ್ರೇಷನ್ ಇದ್ರನ ಬರೂದು. ಎರಡೆರಡು ಉದಾಹರಣಿ ಯಾಕ ಕೊಟ್ಟೆ ಅಂದ್ರ ಒಂದು ಕೊಟ್ಟಾಗ ಒಬ್ಬ ಪ್ರೊಫೆಸರ್ ಸಾಹೇಬ್ರು, "ಹೌದ್ರಿ, ಆದ್ರ ಸೊಸೈಟಿ ನ್ಯಾಷನಲ್ ಐತಲ್ರಿ" ಅಂದ್ರು. ನ್ಯಾಷನಲ್ ಅಂದ್ ಕೂಡ್ಲೆ ಸರ್ಕಾರಿ ಆಗೂದಿಲ್ರಿ ಸರ್.

ಇನ್ನೊಂದು, ಕಮಿಟಿ ಹಿಂದಿನ ತಾರೀಖು ಹಾಕಿ ಒಪ್ಪಿಗಿ ಕೊಡೂದಿಲ್ಲ. ಕೇಳಬ್ಯಾಡ್ರಿ, ಮನಿ ಕಡೆ ಪೇಡಾ ತಗೊಂಡೂ ಬರಬ್ಯಾಡ್ರಿ. ಇಲಿ, ಸುಂಡಿಲಿ, ಮೊಲದಂಥಾವು ಕಾಲೇಜಿನ ಕಮಿಟಿಯೊಳಗ ಮುಗೀತಾವ, ನಾಯಿ ಮಂಗ್ಯಾದಂಥ ದೊಡ್ಡ ಪ್ರಾಣಿ ಆದ್ರ ಅರ್ಜಿ ದಿಲ್ಲಿಗೆ ಹೋಗ್ತೈತಿ. ನಿಮ್ಮ ಕೇಸಿಗೆ ಏನ ಬೇಕು ಅನ್ನೂದನ್ನ ನಿಮ್ಮ ಕಮಿಟಿ ಕಾರ್ಯದರ್ಶಿ ಕಡೆನ ಕೇಳ್ರಿ, ನನ್ನ ಈ ಬರಹ ಪ್ರಿಂಟ್ ತಗದು ಫೈಲಿಗೆ ಹಚ್ಚಬ್ಯಾಡ್ರಿ.

ಹಂಗಂತ ಸೊಸೈಟಿ ದಂಡ ಅಂತ ನಾ ಅನ್ನಾಕತ್ತಿಲ್ಲ. ನನಗ ಸಿಟ್ಟು ಬರೂದ ಅಲ್ಲಿ, ಅದರಿಂದ ತಗೋಬೇಕಾದ್ದು ಬಿಟ್ಟು ಇಲ್ಲದ್ದು ತಗೋತಾರ. ಈ ಹುಡುಗಿನ್ನ ಕೇಳಿದೆ, ಎಷ್ಟು ಇಲಿ? ಮೂವತ್ತಾರು. ಎಷ್ಟು ಉಳದಾವ? ಇಪ್ಪತ್ತೆಂಟು. ಬಾಕಿ ಎಂಟು ಯಾವಾಗ ಸತ್ವು? "ಸಕ್ಕರಿ ರೋಗ ಬರೂ ಇಂಜೆಕ್ಷನ್ ಕೊಟ್ಟ ರಾತ್ರೀನ ಸರ್, ಔಷಧ ಬ್ಯಾಚ್ ಸರಿ ಇರಲಿಲ್ಲ ಅನಸ್ತೈತಿ." ಬ್ಯಾಚ್ ಸರಿ ಇದ್ದಿರಬೇಕವ್ವಾ. ಆ ಇಂಜೆಕ್ಷನ್, ಸ್ಟ್ರೆಪ್ಟೊಜೊಟೊಸಿನ್, ಮೇದೋಜೀರಕದಾಗ ಇನ್ಸುಲಿನ್ ಮಾಡೂ ಕೋಶ ಒಡೀತೈತಿ, ಒಡದಾಗ ಒಳಗ ಕೂಡಿಟ್ಟ ಇನ್ಸುಲಿನ್ ಒಮ್ಮೆಲೇ ಹೊರಗ ಚೆಲ್ತೈತಿ, ಸಕ್ಕರಿ ಏರೂದ ಬಿಟ್ಟು ಮೊದಲ ದಿನ ಧಡಕ್ಕನ ಕೆಳಗ ಬೀಳ್ತೈತಿ. ಅದಕ್ಕ ಆ ರಾತ್ರಿ ಕುಡಿಯೂ ನೀರಾಗ ಗ್ಲೂಕೋಸ್ ಕಲಸಿ ಇಡಬೇಕು. ಇಷ್ಟ. ನಿಮ್ಮೂರ ಯಾವ ಕಿರಾಣಿ ಅಂಗಡ್ಯಾಗೂ ಸಿಗೂ ಗ್ಲೂಕೋಸ್ ಪುಡಿ ಇಲ್ಲದ್ದಕ್ಕ ಎಂಟು ಜೀವ ಹೋಗಿರಬೇಕು, ಹೆಣ ಕೊಯ್ದು ನೋಡಿಲ್ಲ ಹಿಂಗಾಗಿ ಖಾತ್ರಿ ಅನ್ನೂದಿಲ್ಲ. ಇದನ್ನ ಕಲಸಾಕ ಇರೂದ ಸೊಸೈಟಿ. ಊಟದ ಹೊತ್ತಿನ್ಯಾಗ ಹಳೇ ಕೈ ಒಂದು ಬಾಜೂಕ ಕುಂತು ಇಂಥಾವ ಹೇಳ್ತಾವ. ಇವ್ರು ಊಟ ಮುಗಿಸಿ ಸರ್ಟಿಫಿಕೇಟ್ ತಗೊಂಡು ಸಂಜೀ ಬಸ್ಸಿಗೆ ವಾಪಸ್.

1959ರಾಗ ರಸೆಲ್ ಮತ್ತ ಬರ್ಚ್ ಅನ್ನೂ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಮೂರು ಮಾತು ಹೇಳಿದ್ರು, ಪ್ರಾಣಿ ಬಿಟ್ಟು ಆಗೂದಿದ್ರ ಬಿಡ್ರಿ, ಆಗದಿದ್ರ ಕಡಿಮಿ ಬಳಸ್ರಿ, ಬಳಸೂ ಪ್ರಾಣಿಗೆ ನೋವು ಕಡಿಮಿ ಮಾಡ್ರಿ. ಪ್ರತಿ ಥೀಸಿಸ್ಸಿನ್ಯಾಗ ಇದು ಕಾಪಿ ಪೇಸ್ಟ್ ಆಗಿ ಇರ್ತೈತಿ. ಗ್ಲೂಕೋಸ್ ನೀರು ಮಾತ್ರ ಇರೂದಿಲ್ಲ.

ಮತ್ತ ಸೊಸೈಟಿಗೆ ಹೋಗೂದು ಯಾರು ಅಂತ ನೋಡ್ರಿ, ಬರೇ ಸರ್ ಮಂದಿ. ಅಮೆರಿಕದಾಗ 1950ರಾಗ ಶಿಕಾಗೊ ಕಡೆ ಪಶುವೈದ್ಯರು ಕೂಡಿ ಅನಿಮಲ್ ಕೇರ್ ಪ್ಯಾನೆಲ್ ಅಂತ ಕಟ್ಟಿದ್ರು, ಮುಂದ 1967ರಾಗ ಅದರ ಹೆಸರು ಅಮೆರಿಕನ್ ಅಸೋಸಿಯೇಷನ್ ಫಾರ್ ಲ್ಯಾಬೊರೇಟರಿ ಅನಿಮಲ್ ಸೈನ್ಸ್ (ಎಎಎಲ್‌ಎಎಸ್) ಆತು. ಅಲ್ಲಿ ಕೇಜ್ ತೊಳಿಯೂ ಟೆಕ್ನಿಷಿಯನ್‌ಗೂ ಪರೀಕ್ಷಾ ಐತಿ, ಮೂರು ಹಂತ, ಪಾಸಾದ್ರ ಹೆಸರಿನ ಮುಂದ ಹಾಕ್ಕೋತಾನ. ನಮ್ಮಲ್ಲಿ ಅನಿಮಲ್ ಹೌಸ್ ಮನಷ್ಯಾನ್ನ ಟೀ ತರಾಕ ಕಳಸ್ತಾರ.

ನಾ ಹೋಗೂ ಒಂದು ಕಾಲೇಜಿನ್ಯಾಗ ಒಬ್ಬ ಕಾಕಾ ಅದಾನ, ಹತ್ತನೇತ್ತೆ ಫೇಲ್. ಮೇ ತಿಂಗಳ ವಿಜಯಪುರದ ಬಿಸಲು ನಿಮಗ ಹೇಳಬೇಕಾಗಿಲ್ಲ, ಇಲಿ ರೂಮು 29 ಡಿಗ್ರಿ ದಾಟಬಾರದು ಅಂತ ಗೈಡ್‌ಲೈನ್ ಐತಿ, ಕರೆಂಟ್ ಹೋತಂದ್ರ ಈ ಕಾಕಾ ಹಸಿ ಗೋಣಿಚೀಲ ಕಿಡಕಿಗೆ ಕಟ್ಟಿ ಜನರೇಟರ್ ಹಚ್ಚೂತನಕ ಅಲ್ಲೇ ಕುಂದರ್ತಾನ. ಸಕ್ಕರಿ ಬಂದ ಇಲಿ ಭಾಳ ನೀರು ಕುಡೀತಾವ, ಭಾಳ ಉಚ್ಚಿ ಹೊಯ್ತಾವ, ಕೇಜಿನ್ಯಾಗ ಹಾಸಿದ ಹೊಟ್ಟು ದಿನಾ ಬದ್ಲಿ ಮಾಡದಿದ್ರ ಅಮೋನಿಯಾ ವಾಸನಿಗೆ ಅವುಕ್ಕ ಉಸಿರಿನ ರೋಗ ಬರ್ತೈತಿ, ಆಮ್ಯಾಲ ನೀವು ಬರಿಯೂ ರಿಸಲ್ಟ್ ಹಾಗಲಕಾಯಿದೋ ಉಚ್ಚೀದೋ ಗೊತ್ತಾಗೂದಿಲ್ಲ. ಇದನ್ನ ಯಾವ ಗೈಡೂ ಆತಗ ಹೇಳಿಲ್ಲ, ತಾನ ಮೂಗಿಲೆ ಕಲತಾನ.

ಹ್ವಾದ ವರ್ಷ ಜಗಳಾ ಮಾಡಿ ಆತನ್ನ ಒಂದು ಟ್ರೇನಿಂಗಿಗೆ ಹೈದರಾಬಾದಿಗೆ ಕಳಿಸಿದೆ. ಕಾಲೇಜಿನವರು "ಅವಗ್ಯಾಕ್ರಿ ಟಿಎ ಡಿಎ" ಅಂದ್ರು, ಅದು ಕೊಡದಿದ್ರ ನನ್ನ ಸಹಿನೂ ಬರೂದಿಲ್ಲ ಅಂದೆ (ಹಂಗ ಅನ್ನಬಾರದಿತ್ತು, ಖರೇ). ಮೂರು ದಿನಕ್ಕ ವಾಪಸ್ ಬಂದ. ಹೆಂಗಿತ್ತು ಕಾಕಾ ಅಂದೆ. "ಮೂರು ದಿನಾನೂ ಅನ್ನಾರಿ ಸಾಹೇಬ್ರ, ರೊಟ್ಟಿ ಮಾರಿ ನೋಡಿಲ್ಲ." ಆಮ್ಯಾಲ ಸುಂಡಿಲಿ ಬಾಲ ಹಿಡದು ಎತ್ತಬಾರದು, ಬೊಗಸ್ಯಾಗ ಇಲ್ಲಾ ಕೊಳವ್ಯಾಗ ಎತ್ತಬೇಕು, ಹೆದರಿಕಿ ಕಡಿಮಿ ಆಗ್ತೈತಿ ಅಂತ ದೊಡ್ಡ ಸಂಶೋಧನಾ ತೋರ್ಸಿದ್ರಂತ. "ನಾ ಇಪ್ಪತ್ತು ವರ್ಷದಿಂದ ಬೊಗಸ್ಯಾಗ ಎತ್ತಾಕತ್ತೀನಿ, ಇದನ್ನ ಹೇಳಾಕ ಅಷ್ಟು ದೂರ ಕರಸಿದ್ರು."

ಆದ್ರ ಒಂದು ಹೊಸಾದು ಕಲತಿದ್ದ. ಇಲಿ ಕಣ್ಣಿನ ಸುತ್ತ ಕೆಂಪು ಹತ್ತಿದ್ರ ಮೊದಲ ರಕ್ತ ಅಂತ ತಿಳದು ಹತ್ತಿಲೆ ಒರಸಿ ಸುಮ್ನಾಗ್ತಿದ್ದ, ಅದು ರಕ್ತ ಅಲ್ಲ, ಇಲಿಗೆ ಜಡ್ಡು ಇಲ್ಲಾ ತ್ರಾಸು ಇದ್ದಾಗ ಇಳಿಯೂ ಕೆಂಪು ಕಣ್ಣೀರು ಅಂತ ಅಲ್ಲಿ ಗೊತ್ತಾಗೇತಿ. ಈಗ ಐತವಾರ ಮುಂಜಾನೆ ಆರಕ್ಕ ಫೋನ್ ಬರ್ತೈತಿ. "ಸಾಹೇಬ್ರ, ಮೂರನೇ ಕೇಜಿಂದು ಕಣ್ಣು ಕೆಂಪಾಗೈತಿ, ಒರಸಿಲ್ರಿ, ಹಂಗ ಬಿಟ್ಟೀನಿ, ಲಗೂ ಬರ್ರಿ."