ಮನೆಗಳೇ ಗೋಡೆಯಾದ ಬೀದಿ

ಬರ್ಲಿನ್‌ನ ಬೆರ್ನಾವರ್ ಬೀದಿಯಲ್ಲಿ ನಗರದ ಪೂರ್ವ, ಪಶ್ಚಿಮ ಭಾಗಗಳ ನಡುವಿನ ಗಡಿ ಹಾದುಹೋಗಿದ್ದು ಮನೆಗಳ ಮುಂಗೋಡೆಗುಂಟ. ದಕ್ಷಿಣ ಬದಿಯ ಮನೆಗಳು ಪೂರ್ವ ಬರ್ಲಿನ್‌ಗೆ ಸೇರಿದ್ದವು, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿ ಗಡಿ ಮುಚ್ಚಿದ ಮೇಲೆ ಮುಂಬಾಗಿಲುಗಳಿಗೂ ಕೆಳಗಿನ ಕಿಟಕಿಗಳಿಗೂ ಇಟ್ಟಿಗೆ ಕಟ್ಟಿದರು. ಜನ ಮೇಲಿನ ಮಹಡಿಗಳಿಂದ ಹಾರತೊಡಗಿದರು. 48ನೇ ನಂಬರಿನ ಮನೆಯ ಈಡಾ ಜೀಕ್‌ಮನ್ ಆಗಸ್ಟ್ 22ರಂದು ಹಾಸಿಗೆಗಳನ್ನು ಕೆಳಗೆಸೆದು ಮೂರನೇ ಮಹಡಿಯಿಂದ ಹಾರಿ ತೀರಿಕೊಂಡರು. ಮರುದಿನ ಅವರಿಗೆ 59 ತುಂಬುವುದಿತ್ತು. ಮುಂದಿನ ತಿಂಗಳಿಂದ ಇಡೀ ಸಾಲನ್ನೇ ಒಕ್ಕಲೆಬ್ಬಿಸಿದರು.

1965ರ ಸುಮಾರಿಗೆ ಮೇಲಿನ ಮಹಡಿಗಳನ್ನು ಕೆಡವಿದರೂ ನೆಲಮಹಡಿಯ ಮುಂಗೋಡೆಗಳನ್ನು ಹಾಗೇ ಉಳಿಸಿಕೊಂಡರು. 1980ರವರೆಗೂ ಇಲ್ಲಿ ಗಡಿಯಾಗಿ ನಿಂತದ್ದು ಆ ಮನೆಗಳ ಮುಖವೇ. ಫೋಟೋಗಳಲ್ಲಿ ನಾವು ನೋಡುವ ಗೋಡೆ ಆಮೇಲಿನದು: 3.6 ಮೀಟರ್ ಎತ್ತರ, 1.2 ಮೀಟರ್ ಅಗಲದ ಕಾಂಕ್ರೀಟ್ ತುಂಡುಗಳು, ನೆತ್ತಿಯಲ್ಲಿ ಕೈಗೆ ಹಿಡಿತ ಸಿಗದಂತೆ ದುಂಡು ಕೊಳವೆ.

ಆ ಗೋಡೆಯನ್ನು ಹತ್ತಿರದಿಂದ ಕಂಡವರು ಪಶ್ಚಿಮದವರು. ಅದರ ಮೇಲೆ ಬಣ್ಣ ಬಳಿದರು, ಅಟ್ಟಣೆ ಹತ್ತಿ ಆಚೆ ಇಣುಕಿದರು. ಪೂರ್ವದ ನಿವಾಸಿಗಳಿಗೆ ಕಾಣುತ್ತಿದ್ದುದು ಒಳಗಿನ ಇನ್ನೊಂದು ಗೋಡೆ. ಎರಡರ ನಡುವೆ ಕಾವಲು ಗೋಪುರ, ದೀಪದ ಕಂಬ, ಗಸ್ತು ದಾರಿ. ಗಡಿ ಪ್ರದೇಶದ ಮನೆಗೆ ನೆಂಟರು ಬರಬೇಕಾದರೂ ಪರವಾನಗಿ ಬೇಕಿತ್ತು. ಒಂದೇ ಬೀದಿಯ ಎರಡು ಬದಿಯವರ ನೆನಪು ಹೊಂದುವುದಿಲ್ಲವೆಂದರೆ ಯಾರದೂ ಸುಳ್ಳಲ್ಲ. ಇಲ್ಲಿ ಹೇಳಿಕೆ ಸಂಗ್ರಹಿಸುವವರು ಮೊದಲು ಕೇಳಬೇಕಾದ್ದು, ನಿಮ್ಮ ಕಿಟಕಿ ಯಾವ ಕಡೆಗಿತ್ತು ಎಂಬುದನ್ನು.

1894ರ ಸಮನ್ವಯ ಚರ್ಚ್ ಈ ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. 1985ರ ಜನವರಿಯಲ್ಲಿ ಅದನ್ನು ಸಿಡಿಸಿ ಕೆಡವಿದರು. ಅದೇ ಜಾಗದಲ್ಲಿ 2000ದಲ್ಲಿ ಎದ್ದ ಪ್ರಾರ್ಥನಾ ಮಂದಿರದ ಗೋಡೆಗಳು ಬಡಿದು ಗಟ್ಟಿಮಾಡಿದ ಮಣ್ಣಿನವು. ಹಳೆಯ ಚರ್ಚಿನ ಇಟ್ಟಿಗೆಯ ಚೂರುಗಳು ಆ ಮಣ್ಣಿನಲ್ಲೇ ಬೆರೆತಿವೆ, ಬರಿಗಣ್ಣಿಗೇ ಕಾಣುತ್ತವೆ.

1990ರ ಜೂನ್‌ನಲ್ಲಿ ಗೋಡೆ ಕೆಡಹುವ ಅಧಿಕೃತ ಕೆಲಸ ಶುರುವಾದದ್ದೂ ಈ ಬೀದಿಯಲ್ಲೇ. ಉಳಿಸಬೇಕೋ ಬೇಡವೋ ಎಂಬುದರಲ್ಲಿ ನೆರೆಹೊರೆಯವರಿಗೇ ಒಮ್ಮತವಿರಲಿಲ್ಲ. ಪಕ್ಕದ ಸ್ಮಶಾನದ ಚರ್ಚ್ ಸಭೆ, ಗೋಡೆಯಡಿ ಯುದ್ಧಕಾಲದ ಸಾಮೂಹಿಕ ಸಮಾಧಿಗಳಿವೆ ಎಂದು ಹೇಳಿ 1997ರಲ್ಲಿ ಕೆಲವು ತುಂಡುಗಳನ್ನು ತೆಗೆಸಿತು. ಈಗ ಗೋಡೆಯಿಲ್ಲದ ಕಡೆ ಅದರ ಜಾಡಿನಲ್ಲಿ ತುಕ್ಕುಬಣ್ಣದ ಉಕ್ಕಿನ ಸರಳುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಹೊಸ ಕಾಂಕ್ರೀಟ್ ಹಾಕದಿದ್ದುದು ಒಳ್ಳೆಯ ನಿರ್ಧಾರ. ಹಾಕಿದ್ದರೆ ಯಾವುದು ಅಸಲಿ, ಯಾವುದು ನಂತರದ್ದು ಎಂದು ಮುಂದಿನವರಿಗೆ ತಿಳಿಯುತ್ತಿರಲಿಲ್ಲ. ನೆರೆಯವರ ಜಗಳದ ಗುರುತೂ ಅಳಿಸಿಹೋಗುತ್ತಿತ್ತು.