ಕೋಟೆಯ ಮಣ್ಣು, ಅಳಿವೆಯ ಕೆಸರು: ನೈಟ್ರೇಟ್ ಹಿಡಿಯುವ ದಾರಿ

ಬೀದರ್‌ನ ಬಿದ್ರಿ ಕೆಲಸದವರು ಬೆಳ್ಳಿ ಕೂರಿಸಿದ ಹೂಜಿಯನ್ನು ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾವುದೋ ಮಣ್ಣು ತಂದರೆ ನಡೆಯುವುದಿಲ್ಲ. ಮಳೆ, ಬಿಸಿಲು ತಾಗದ ಹಳೆ ಕಟ್ಟಡದೊಳಗಿನ ಮಣ್ಣೇ ಬೇಕು. ನಾಲಿಗೆ ಮೇಲೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಅದರಲ್ಲಿ ಪೆಟ್ಲುಪ್ಪು, ಅಂದರೆ ನೈಟ್ರೇಟ್ ಇದೆ ಎನ್ನುವುದು ಬಹಳ ಕಾಲದ ಮಾತು.

ಮಳೆ ತಾಗದ ಮಣ್ಣೇ ಏಕೆ? ನೈಟ್ರೇಟ್ ಮಣ್ಣಿಗೆ ಅಂಟಿ ಕೂರುವುದಿಲ್ಲ. ನೀರು ಬಂದರೆ ಅದರ ಜೊತೆ ಹೊರಟುಬಿಡುತ್ತದೆ. ಸುರಪುರ, ಶಹಾಪುರದ ಕಡೆ 1980ರ ದಶಕದಿಂದ ನಾರಾಯಣಪುರದ ಕಾಲುವೆ ನೀರು ಬಂತು, ಭತ್ತ ಬಂತು, ಹಿಂದೆಯೇ ಯೂರಿಯಾ ಬಂತು. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ, ಮಣ್ಣಿನಲ್ಲಿ ಅದು ನೈಟ್ರೇಟ್ ಆಗುತ್ತದೆ. ಬೆಳೆ ಅಷ್ಟನ್ನೂ ಹೀರುವುದಿಲ್ಲ. ಉಳಿದದ್ದರಲ್ಲಿ ಒಂದಿಷ್ಟು ಗಾಳಿಗೆ, ಒಂದಿಷ್ಟು ನೆಲದಡಿಯ ನೀರಿಗೆ, ಒಂದಿಷ್ಟು ಹಳ್ಳಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನಮ್ಮ ಭಾಗದ ಎಷ್ಟೋ ಬೋರ್‌ಗಳಲ್ಲಿ ದಾಟಿದೆ. ಹಸುಗೂಸುಗಳ ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರದಂತೆ ಇದು ಮಾಡಬಲ್ಲದು.

ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲರ ಬೆರಳೂ ರೈತನ ಕಡೆಗೆ. ಅದು ಸರಿಯಲ್ಲ. ಊರೊಳಗಿನ ಶೌಚದ ಗುಂಡಿ, ತಿಪ್ಪೆ, ಚರಂಡಿಯಲ್ಲೂ ಸಾರಜನಕ ಇದೆ ಅಲ್ವಾ? ನಾವು ಆ ನೀರನ್ನೇ ಕೇಳಬೇಕು. ಕೇಳುವ ದಾರಿಯೂ ಇದೆ.

ಸಾರಜನಕದ ಪರಮಾಣುಗಳಲ್ಲಿ ಎರಡು ಬಗೆ: ಹಗುರದ್ದರ ತೂಕ 14, ಭಾರದ್ದರದು 15. ಗಾಳಿಯಲ್ಲಿ ಸುಮಾರು 270 ಪರಮಾಣುಗಳಿಗೆ ಒಂದೇ ಭಾರದ್ದು. ಗಾಳಿಯ ಪ್ರಮಾಣವನ್ನೇ ಸೊನ್ನೆ ಎಂದಿಟ್ಟು, ಸಾವಿರಕ್ಕೆ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಎಂದು ಅಳೆಯುತ್ತಾರೆ. ಯೂರಿಯಾ ಗಾಳಿಯಿಂದಲೇ ತಯಾರಾಗುವುದರಿಂದ ಅದರ ಲೆಕ್ಕ ಸೊನ್ನೆಯ ಹತ್ತಿರ. ಕಲಬುರಗಿಯ ತೊಗರಿಯೂ ಬೇರಿನ ಗಂಟುಗಳಲ್ಲಿ ಗಾಳಿಯಿಂದ ಪಡೆಯುವ ಸಾರಜನಕ ಹೀಗೆಯೇ. ತಿಪ್ಪೆಯದು ಬೇರೆ. ಅದರ ಹತ್ತಿರ ಹೋದರೆ ಮೂಗಿಗೆ ಹೊಡೆಯುವುದು ಅಮೋನಿಯಾ. ಹಗುರದ್ದು ಮೊದಲು ಹಾರುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಅದಕ್ಕೇ ಸಗಣಿ, ಮಲಮೂತ್ರದಿಂದ ಬಂದ ನೈಟ್ರೇಟ್‌ನ ಅಳತೆ ಹೆಚ್ಚಾಗಿ 10ರಿಂದ 20.

1971ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸಂಶೋಧಕರು ಇದೇ ಲೆಕ್ಕ ಹಿಡಿದು, ನದಿ ನೀರಿನ ನೈಟ್ರೇಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಗೊಬ್ಬರದ್ದು ಎಂದರು. ದೊಡ್ಡ ಜಗಳವೇ ಆಯಿತು. ಮಣ್ಣಿನೊಳಗೆ ಮೊದಲೇ ಇರುವ ಸಾರಜನಕದ ಅಳತೆ ಜಾಗದಿಂದ ಜಾಗಕ್ಕೆ ಬದಲಾಗುತ್ತದಲ್ಲ ಎಂದು ಮಣ್ಣಿನ ವಿಜ್ಞಾನಿಗಳು ಕೇಳಿದರು. ಆ ಪ್ರಶ್ನೆ ಇಂದಿಗೂ ನ್ಯಾಯವಾದದ್ದು. ಅದಕ್ಕೇ ಈಗ ನೈಟ್ರೇಟ್‌ನೊಳಗಿನ ಆಮ್ಲಜನಕದ ಹಗುರ, ಭಾರದ ಲೆಕ್ಕವನ್ನೂ ಅಳೆಯುತ್ತಾರೆ.

ಹೊಲದಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆ? ಬೀದರ್‌ನದು ಮಾಂಜ್ರಾ ಹಿಡಿದು ಗೋದಾವರಿಗೆ, ನಮ್ಮದು ಭೀಮಾ, ಕೃಷ್ಣಾ ಹಿಡಿದು ಆಂಧ್ರದ ಹಂಸಲದೀವಿಯ ಕಡೆಗೆ. ಎರಡೂ ಬಂಗಾಳಕೊಲ್ಲಿಗೇ. ಅಳಿವೆಯಲ್ಲಿ ನದಿಯ ಓಟ ನಿಧಾನವಾಗಿ ಕೆಸರು ಕೂರುತ್ತದೆ. ಆ ಕೆಸರಿನಲ್ಲಿ ಮೇಲಿನ ತೆಳು ಪದರ ಬಿಟ್ಟರೆ ಆಮ್ಲಜನಕವೇ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಅದರ ಬದಲು ನೈಟ್ರೇಟನ್ನೇ ಉಸಿರಾಡಿ, ಸಾರಜನಕವನ್ನು ಗಾಳಿಗೆ ಮರಳಿಸುತ್ತವೆ. ಅಮೋನಿಯಂನಿಂದ ನೇರವಾಗಿ ಇದೇ ಕೆಲಸ ಮಾಡುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಕೊಳಚೆ ನೀರಿನ ಟ್ಯಾಂಕಿನಲ್ಲಿ ಸಿಕ್ಕಿತು. 2002ರಲ್ಲಿ ಸಮುದ್ರದ ಕೆಸರಿನಲ್ಲೂ ಅದರ ಕೆಲಸ ಕಂಡಿತು.

ಇವೂ ಹಗುರದ್ದನ್ನೇ ಮೊದಲು ತಿನ್ನುತ್ತವೆ. ಅರಬ್ಬಿ ಸಮುದ್ರದ ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ ಅದಕ್ಕೇ ಉಳಿದ ನೈಟ್ರೇಟ್ ಭಾರವಾಗುತ್ತದೆ. ಆ ಗುರುತು ತಳದ ಮಣ್ಣಿನಲ್ಲಿ ಪದರ ಪದರವಾಗಿ ಕೂತಿದೆ. 1995ರಲ್ಲಿ ಸಂಶೋಧಕರು ಅದನ್ನು ಓದಿ, ಹಿಮಯುಗಗಳಲ್ಲಿ ಅಲ್ಲಿ ಈ ಕೆಲಸ ಹೇಗೆ ಇಳಿದಿತ್ತು ಎಂದು ತೋರಿಸಿದರು. ಆದರೆ ಕೆಸರಿನೊಳಗೆ ಹೋದ ನೈಟ್ರೇಟ್ ಪೂರ್ತಿ ಮುಗಿದುಹೋದರೆ ಭಾರದ್ದೂ ಉಳಿಯುವುದಿಲ್ಲ. ಕೆಲಸ ದೊಡ್ಡದು, ಮೇಲಿನ ನೀರಿನಲ್ಲಿ ಗುರುತು ಸಣ್ಣದು.

ನಮ್ಮ ಬೋರ್ ನೀರಿಗೂ ಬ್ಯಾಕ್ಟೀರಿಯಾದ ತೊಡಕು ಇದೆ: ನೆಲದಡಿ ಅವು ಹಗುರದ್ದನ್ನು ತಿಂದರೆ ಯೂರಿಯಾದ ನೈಟ್ರೇಟೂ ತಿಪ್ಪೆಯದರಂತೆ ಕಾಣಬಹುದು. ಬಾಟಲಿಯೊಳಗೂ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ, ಅಳತೆ ಬದಲಾಗುತ್ತದೆ. ಹಾಗಾಗಿ ಯಾದಗಿರಿಯ ಬೇಸಿಗೆಯಲ್ಲಿ ಮಾದರಿ ತೆಗೆಯುವವರು ನೀರನ್ನು ಅಲ್ಲೇ ಸೋಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಬೇಗ ಹೆಪ್ಪುಗಟ್ಟಿಸಬೇಕು.